ಕೊಡಗಿನ ನೆಲ ಹಿಂದೆ ಎಲ್ಲಿತ್ತು: ಕಲ್ಲಿನ ಕಾಂತತ್ವದ ಸಾಕ್ಷ್ಯ

ಕೊಡಗಿನ ಕಾಫಿ ತೋಟಗಳ ಕೆಂಪು ಮಣ್ಣಿನಡಿ ಇರುವ ಚಾರ್ನೊಕೈಟ್, ನೈಸ್ ಎಂಬ, ಭಾರೀ ಶಾಖ-ಒತ್ತಡದಲ್ಲಿ ರೂಪುಗೊಂಡ ಶಿಲೆಗಳಲ್ಲಿ ಹಲವು 300 ಕೋಟಿ ವರ್ಷಗಳಿಗೂ ಹಳೆಯವು. ಆದರೆ ಅವು ಹುಟ್ಟಿದಾಗ ಈ ನೆಲ ಯಾವ ಅಕ್ಷಾಂಶದಲ್ಲಿತ್ತು ಎಂದು ಕೇಳಿದರೆ ಈ ಹಿರಿಯ ಕಲ್ಲುಗಳೇ ಬಾಯಿ ಬಿಡುವುದಿಲ್ಲ.

ಕಾರಣ ಶಾಖ. ಲಾವಾದಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವಾಗ ಆ ಕಾಲದ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ; ಮತ್ತೆ ಅಷ್ಟು ಕಾದರೆ ಆ ಗುರುತು ಅಳಿಸಿಹೋಗುತ್ತದೆ. ಚಾರ್ನೊಕೈಟ್ ರೂಪುಗೊಳ್ಳುವುದೇ ಭೂಮಿಯ ಆಳದಲ್ಲಿ, ಅದಕ್ಕಿಂತ ಹೆಚ್ಚಿನ ಉಷ್ಣದಲ್ಲಿ. ಹಾಗಾಗಿ ಕಲ್ಲಿನ ವಯಸ್ಸು ಒಂದು, ಅದರ ಕಾಂತತ್ವದ ವಯಸ್ಸು ಇನ್ನೊಂದು.

ಲಾವಾ ಹಿಡಿದಿಟ್ಟ ದಿಕ್ಕು ಇಂದಿನ ದಿಕ್ಕಿಗೆ ತಿರುವುಮುರುವಾಗಿರಬಹುದು ಎಂಬುದನ್ನು ಫ್ರಾನ್ಸಿನ ಬರ್ನಾರ್ಡ್ ಬ್ರೂನ್ 1906ರಲ್ಲಿ ತೋರಿಸಿದರು. ಖಂಡಗಳು ಚಲಿಸುತ್ತವೆ ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಈ ಎರಡನ್ನೂ ಜೋಡಿಸಿದವರಿರಲಿಲ್ಲ. ಜೋಡಿಸುವ ಸೂತ್ರವಾದರೂ ಸರಳ: ಭೂಕಾಂತಕ್ಷೇತ್ರದ ರೇಖೆಗಳು ಸಮಭಾಜಕದಲ್ಲಿ ನೆಲಕ್ಕೆ ಸಮಾನಾಂತರವಾಗಿರುತ್ತವೆ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತವೆ, ಈ ರೇಖೆಗಳು ನೆಲದೊಂದಿಗೆ ಮಾಡುವ ಬಾಗುಕೋನದ ಟ್ಯಾಂಜೆಂಟ್ ಅಕ್ಷಾಂಶದ ಟ್ಯಾಂಜೆಂಟಿನ ಎರಡು ಪಟ್ಟು. 12.4 ಡಿಗ್ರಿ ಉತ್ತರದ ಮಡಿಕೇರಿಗೆ ಈ ಲೆಕ್ಕ ಸುಮಾರು 24 ಡಿಗ್ರಿ ಬಾಗನ್ನು ಕೊಡುತ್ತದೆ. ಅಲ್ಲಿ ಇಂದು ಸೂಜಿ ತೂಗಿದರೆ ಅಷ್ಟು ಬಾಗದು, ಏಕೆಂದರೆ ಕಾಂತೀಯ ಸಮಭಾಜಕ ಈಗ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗಿದೆ. ಇಂಥ ತಾತ್ಕಾಲಿಕ ವ್ಯತ್ಯಾಸಗಳನ್ನು ಕಳೆಯಲೆಂದೇ ಸಾವಿರಾರು ವರ್ಷಗಳ ಅವಧಿಯಲ್ಲಿ ಹರಡಿದ ಹಲವು ಶಿಲೆಗಳ ಸರಾಸರಿ ತೆಗೆಯಬೇಕಾಗುತ್ತದೆ.

ಭಾರತ ದಕ್ಷಿಣದಿಂದ ಬಂದಿತೇ ಎಂದು ಈ ವಿಧಾನದಿಂದ ಪರೀಕ್ಷಿಸಲು 1950ರ ದಶಕದ ಆರಂಭದಲ್ಲಿ ಕೇಂಬ್ರಿಡ್ಜ್‌ನ ವಿದ್ಯಾರ್ಥಿ ಎಡ್ವರ್ಡ್ ಅರ್ವಿಂಗ್ ದಖ್ಖನ್ ಲಾವಾದ ಮಾದರಿಗಳನ್ನು ತರಿಸಿಕೊಂಡರು. ಬಂದಿದೆ ಎಂದು ಅಳತೆ ಹೇಳಿತು. ಆದರೂ ಅವರ ಪಿಎಚ್.ಡಿ. ಪ್ರಬಂಧವನ್ನು ಪರೀಕ್ಷಕರು ಒಪ್ಪಲಿಲ್ಲ. ಲಂಡನ್ನಿನ ಕ್ಲೆಗ್ ಮತ್ತು ಸಂಗಡಿಗರ 1956ರ ಅಧ್ಯಯನವೂ ಅದನ್ನೇ ಹೇಳಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಲಾವಾ ಉಕ್ಕಿದ್ದು ಸಮಭಾಜಕದ ದಕ್ಷಿಣಕ್ಕೆ 20ರಿಂದ 30 ಡಿಗ್ರಿ ದೂರದಲ್ಲಿ. ದಖ್ಖನ್ನಿನ ದಕ್ಷಿಣಕ್ಕಿರುವ ಕೊಡಗೂ ಒಟ್ಟಾಗಿ ಚಲಿಸುವ ಅದೇ ಭೂಫಲಕದ ಮೇಲಿದ್ದುದರಿಂದ ಆಗ ಅದಕ್ಕಿಂತಲೂ ದಕ್ಷಿಣದಲ್ಲಿತ್ತು.

ಅದಕ್ಕೂ ಹಿಂದಿನ ಕಥೆಗೆ ಡೈಕ್‌ಗಳೇ ಗತಿ. ಹಳೆಯ ಶಿಲೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಈ ಕಪ್ಪು ಕಲ್ಲು ಕ್ವಾರಿಯವರಿಗೆ ‘ಕಪ್ಪು ಗ್ರಾನೈಟ್’, ಕೊಡಗಿನಲ್ಲೂ ಇದೆ. ಡೈಕಿನ ಪಕ್ಕದಲ್ಲಿ ಸುಟ್ಟ ಚಾರ್ನೊಕೈಟ್ ಡೈಕಿನದೇ ದಿಕ್ಕನ್ನು ತೋರಿಸಿ, ದೂರದ ಚಾರ್ನೊಕೈಟ್ ಬೇರೆ ದಿಕ್ಕನ್ನು ತೋರಿಸಿದರೆ, ಆ ಗುರುತು ಡೈಕ್ ತಣಿದಾಗಿನದೇ ಎಂದು ನಂಬಬಹುದು. ನನ್ನ ದೃಷ್ಟಿಯಲ್ಲಿ ಇಡೀ ವಿಧಾನದ ಪ್ರಾಮಾಣಿಕತೆ ನಿಂತಿರುವುದು ಇಂಥ ಪರೀಕ್ಷೆಗಳ ಮೇಲೆ. ಬೆಂಗಳೂರು ಸುತ್ತಿನ ಸುಮಾರು 237 ಕೋಟಿ ವರ್ಷ ಹಳೆಯ ಡೈಕ್‌ಗಳಲ್ಲಿ ಬಾಗು ಬಲು ಕಡಿದು, ಅಂದರೆ ಆಗ ಧಾರವಾಡ ಭೂಖಂಡ (ಕರ್ನಾಟಕದ ಬಹುಭಾಗದ ಅಡಿಯಿರುವ ಪುರಾತನ ಶಿಲಾನೆಲ) ಧ್ರುವದ ಸಮೀಪದಲ್ಲಿತ್ತು. ಯಾವ ಧ್ರುವ ಎಂಬುದನ್ನು ಮಾತ್ರ ಇಷ್ಟರಿಂದಲೇ ನಿರ್ಧರಿಸಲಾಗದು, ಏಕೆಂದರೆ ಭೂಕಾಂತದ ಧ್ರುವಗಳೇ ಅದಲುಬದಲಾಗುತ್ತ ಬಂದಿವೆ.

ರೇಖಾಂಶವನ್ನಂತೂ ಕಾಂತತ್ವ ಹೇಳುವುದೇ ಇಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು: ಕೊಡಗಿನ ವಾಯವ್ಯಕ್ಕೆ, ಉಡುಪಿಯ ಕರಾವಳಿಯಾಚೆ ಇರುವ ಸೇಂಟ್ ಮೇರೀಸ್ ದ್ವೀಪಗಳ ಜ್ವಾಲಾಮುಖಿ ಶಿಲೆಗಳು ಸುಮಾರು 9 ಕೋಟಿ ವರ್ಷ ಹಳೆಯವು, ಮಡಗಾಸ್ಕರ್‌ನಲ್ಲೂ ಅದೇ ಕಾಲದ ಲಾವಾ ಸಿಗುತ್ತದೆ; ಅಂದರೆ ಆಗ ಎರಡು ನೆಲಗಳೂ ಅಕ್ಕಪಕ್ಕದಲ್ಲಿದ್ದವು.