ಲಾಸ್ ಏಂಜಲೀಸ್ ಕಾಲೇಜಿಗೆ ನ್ಯೂಜೆರ್ಸಿಯಲ್ಲಿ ಏನು ಕೆಲಸ?

ಪ್ರಶ್ನೆ: ಮಗಳು ಲಾಸ್ ಏಂಜಲೀಸಿನ ಯುಸಿಎಲ್‌ಎನಲ್ಲಿ ಎಂಎಸ್ ಮಾಡ್ತಿದಾಳೆ, ಹೋಗಿ ಆರೇ ತಿಂಗಳಿಗೆ ಫುಟ್‌ಬಾಲ್ ಹುಚ್ಚು ಹತ್ತಿಸ್ಕೊಂಡಿದಾಳೆ. ಅವರ ಟೀಮು ನ್ಯೂಜೆರ್ಸಿಯ ರಟ್ಗರ್ಸ್ ಇರೋ ಲೀಗಲ್ಲಿ ಆಡುತ್ತಂತೆ, ಅವಳಿರೋ ಕ್ಯಾಲಿಫೋರ್ನಿಯಾದ್ದೇ ಆದ ಸ್ಟ್ಯಾನ್‌ಫರ್ಡ್ ಮಾತ್ರ ಬೇರೆ ಲೀಗಂತೆ. ಯಾಕೆ ಅಂದ್ರೆ "ಟಿವಿ ದುಡ್ಡು ಕಣಮ್ಮ" ಅಂತಾಳೆ. ಹಾಗಂದ್ರೇನು?

ಉತ್ತರ: ಮಗಳು ಹೇಳಿದ್ದು ಸರಿಯಾಗೇ ಇದೆ, ಆದ್ರೆ ಆ ಎರಡು ಪದದ ಹಿಂದೆ ಎಪ್ಪತ್ತು ವರ್ಷದ ಜಗಳ ಇದೆ. ಲಾಸ್ ಏಂಜಲೀಸಿಂದ ನ್ಯೂಜೆರ್ಸಿಗೆ ಹೆಚ್ಚುಕಮ್ಮಿ 4 ಸಾವಿರ ಕಿಲೋಮೀಟರ್. ಬೆಂಗಳೂರಿಂದ ದಿಲ್ಲಿಗೆ ಫ್ಲೈಟಲ್ಲಿ ಹೋಗಿ ವಾಪಸ್ ಬಂದ್ರೂ ಅಷ್ಟಾಗಲ್ಲ. (ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು, ನಮ್ಮ ಕಾಲ್ಚೆಂಡಲ್ಲ.)

ಮೊದ್ಲು ಟಿವಿ ಹಕ್ಕು ಯಾರದು ಅಂತ ನೋಡೋಣ. ನಮ್ಮಲ್ಲಿ ಐಪಿಎಲ್ ಹಕ್ಕನ್ನ ಬಿಸಿಸಿಐ ಒಂದೇ ಕಡೆ ಕೂತು ಮಾರುತ್ತೆ, 2023ರಿಂದ 2027ರವರೆಗಿನದ್ದಕ್ಕೆ 48,390 ಕೋಟಿ ರೂಪಾಯಿ ಬಂತು, ಎಲ್ಲರಿಗೂ ಪಾಲು, ಕಥೆ ಮುಗೀತು. ಅಮೆರಿಕದ ಕಾಲೇಜ್ ಫುಟ್‌ಬಾಲಲ್ಲಿ ಹಾಗೆ ಮಾರೋಕೆ ಒಬ್ಬ ಯಜಮಾನ ಇಲ್ಲ. ಯಾವ ಕಾಲೇಜಿನ ಗ್ರೌಂಡಲ್ಲಿ ಮ್ಯಾಚೋ ಹಕ್ಕು ಆ ಕಡೆಯವರದ್ದು, ಆ ಕಾಲೇಜುಗಳೆಲ್ಲ ಗುಂಪು ಕಟ್ಕೊಂಡು ತಮ್ಮ ತಮ್ಮ ಹಕ್ಕನ್ನ ಒಟ್ಟು ಮಾಡಿ ಮಾರ್ತಾರೆ. ಆ ಗುಂಪಿಗೇ ಕಾನ್ಫರೆನ್ಸ್ ಅನ್ನೋದು. ಹೆಸರಿಗೆ ಲೀಗು, ಈಗ ಅಸಲಿಗೆ ಅದೊಂದು ಟಿವಿ ಹಕ್ಕು ಮಾರೋ ಮಂಡಿ.

ಹಿಂದೆ ಒಬ್ಬ ಯಜಮಾನ ಇದ್ದ. 1950ರ ದಶಕದ ಶುರುವಿಂದ ಕಾಲೇಜ್ ಆಟಗಳನ್ನ ನೋಡ್ಕೊಳ್ಳೋ ಎನ್‌ಸಿಎಎ ಅನ್ನೋ ಸಂಸ್ಥೆ ಟಿವಿ ಮೇಲೆ ಪೂರ್ತಿ ಹಿಡಿತ ಇಟ್ಕೊಂಡಿತ್ತು, ಮನೇಲೇ ಮ್ಯಾಚ್ ಸಿಕ್ಕಿಬಿಟ್ರೆ ಸ್ಟೇಡಿಯಂಗೆ ಯಾರು ಟಿಕೆಟ್ ತಗೊಂಡು ಬರ್ತಾರೆ ಅನ್ನೋ ಭಯ. ಎಷ್ಟು ಬಿಗಿ ಅಂದ್ರೆ 80ರ ದಶಕದ ಶುರುವಿನ ನಿಯಮದಲ್ಲಿ ಒಂದು ಟೀಮು ಎರಡು ವರ್ಷಕ್ಕೆ ಒಟ್ಟು ಆರೇ ಸಲ ಟಿವಿಲಿ ಕಾಣಬೋದಿತ್ತು. 1981ರಲ್ಲಿ ಒಂದು ತಮಾಷೆ ಆಯ್ತು. ಒಕ್ಲಹೋಮಾ ಮತ್ತೆ ಲಾಸ್ ಏಂಜಲೀಸಿನದ್ದೇ ಆದ ಯುಎಸ್‌ಸಿ, ಆಗಿನ ಘಟಾನುಘಟಿ ಟೀಮ್‌ಗಳು, ಅವುಗಳ ಮ್ಯಾಚ್ 200ಕ್ಕೂ ಹೆಚ್ಚು ಸ್ಟೇಷನ್‌ಗಳಲ್ಲಿ ಬಂತು. ಸಿಟಡೆಲ್ ಮತ್ತೆ ಅಪಲಾಚಿಯನ್ ಸ್ಟೇಟ್ ಅನ್ನೋ ಸಣ್ಣ ಕಾಲೇಜುಗಳ ಮ್ಯಾಚ್ ಬಂದಿದ್ದು ನಾಕೇ ನಾಕು ಸ್ಟೇಷನಲ್ಲಿ. ನಾಕೂ ಟೀಮಿಗೆ ಸಿಕ್ಕ ದುಡ್ಡು ಮಾತ್ರ ಒಂದೇ!

ದೊಡ್ಡವರಿಗೆ ಹೊಟ್ಟೆ ಉರಿಯೋಕೆ ಇಷ್ಟು ಸಾಕಲ್ವ. ಒಕ್ಲಹೋಮಾ, ಜಾರ್ಜಿಯಾ ಎರಡೂ ಸೇರಿ ಕೋರ್ಟಿಗೆ ಹೋದ್ರು, 1984ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7–2ರಲ್ಲಿ ಇದು ಸ್ಪರ್ಧೆ ವಿರೋಧಿ ಅಂತ ಎನ್‌ಸಿಎಎ ಹಿಡಿತ ಕಿತ್ತುಹಾಕ್ತು. ಬೇಡ ಅಂತ ಭಿನ್ನ ತೀರ್ಪು ಬರೆದವರು ಬೈರನ್ ವೈಟ್, ಅವರು ಸ್ವತಃ ಕೊಲರಾಡೋ ಯೂನಿವರ್ಸಿಟಿಯ ಸ್ಟಾರ್ ಫುಟ್‌ಬಾಲ್ ಆಟಗಾರ ಆಗಿದ್ದವರು. ಇದನ್ನ ಬರೀ ವ್ಯಾಪಾರ ಅಂತ ನೋಡಬೇಡಿ, ಕಾಲೇಜ್ ಆಟ ಅಂತ ನೋಡಿ ಅನ್ನೋದು ಅವರ ವಾದದ ಸಾರ. ನನ್ ಕೇಳಿದ್ರೆ ಕಾನೂನಲ್ಲಿ ಅವರು ಸೋತ್ರು, ಮುಂದೆ ಏನಾಗುತ್ತೆ ಅನ್ನೋದ್ರಲ್ಲಿ ಅಷ್ಟೇನೂ ತಪ್ಪಿರ್ಲಿಲ್ಲ.

ಆಮೇಲೆ ಎಲ್ರೂ ಮಾರೋಕೆ ನಿಂತ್ರು. ಮ್ಯಾಚ್ ಜಾಸ್ತಿ ಆಗಿ ಮೊದಮೊದ್ಲು ರೇಟೇ ಬಿದ್ದೋಯ್ತು, ಟೊಮ್ಯಾಟೊ ಕಥೆ ಥರ. ನೋತ್ರದಾಮ್ ಅನ್ನೋ ಕಾಲೇಜಿನವರಂತೂ ಯಾವ ಗುಂಪೂ ಬೇಡ ಅಂತ 1991ರಿಂದ ಎನ್‌ಬಿಸಿ ಚಾನೆಲಿಗೆ ಒಬ್ಬರೇ ಮಾರ್ಕೊಂಡ್ರು, ಇವತ್ತಿಗೂ ಅವರ ಹೋಮ್ ಮ್ಯಾಚ್ ಅಲ್ಲೇ.

ಈಗ ನಿಮ್ಮ ರಟ್ಗರ್ಸ್ ವಿಷ್ಯಕ್ಕೆ ಬರೋಣ, ಅದು ಕೇಬಲ್ ಕಾಲದ ಕಥೆ. ಮಿಷಿಗನ್, ಒಹಾಯೋ ಸ್ಟೇಟ್ ಎಲ್ಲ ಇರೋ ಬಿಗ್ ಟೆನ್ ಅನ್ನೋ ಕಾನ್ಫರೆನ್ಸು 2007ರಲ್ಲಿ ಫಾಕ್ಸ್ ಅನ್ನೋ ಟಿವಿ ಕಂಪನಿ ಜೊತೆ ಸೇರಿ ತನ್ನದೇ ಒಂದು ಚಾನೆಲ್ ಶುರು ಮಾಡ್ತು. ಕೇಬಲ್ ಪ್ಯಾಕೇಜಲ್ಲಿ ಆ ಚಾನೆಲ್ ಇದ್ರೆ ಸಾಕು, ಮನೇಲಿ ಒಬ್ರೂ ಫುಟ್‌ಬಾಲ್ ನೋಡದೇ ಇದ್ರೂ ತಿಂಗಳು ತಿಂಗಳು ಮನೆಗಿಷ್ಟು ಅಂತ ದುಡ್ಡು. ನಿಮ್ಮ ಕಾಲೇಜ್ ಇರೋ ಊರಲ್ಲಿ ಮನೆಗಿಷ್ಟು ಅನ್ನೋ ರೇಟು ಜಾಸ್ತಿ, ದೂರದ ಊರಲ್ಲಿ ಕಮ್ಮಿ. ಹಂಗಾದ್ರೆ ಮನೆ ಜಾಸ್ತಿ ಇರೋ ಕಡೆ ಕಾಲೇಜ್ ಹುಡುಕಿ! ನ್ಯೂಯಾರ್ಕ್ ಪಕ್ಕದ ರಟ್ಗರ್ಸ್, ರಾಜಧಾನಿ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್ ಎರಡನ್ನೂ 2014ರಲ್ಲಿ ಸೇರಿಸ್ಕೊಂಡ್ರು. ರಟ್ಗರ್ಸ್ ಆಟ ಎಷ್ಟು ಚೆನ್ನಾಗಿದೆ ಅಂತ ನೋಡಿ ಕರೆದಿದ್ದಲ್ಲ ಕಣ್ರೀ.

ಯುಸಿಎಲ್‌ಎ ಬಂದಿದ್ದು ಕೇಬಲ್ ಸಾಯ್ತಾ ಇರೋ ಕಾಲದಲ್ಲಿ. ಜನ ಕೇಬಲ್ ಕಿತ್ತಾಕಿ ಸ್ಟ್ರೀಮಿಂಗ್ ಹಿಡಿದ ಮೇಲೆ, ಆ ಹೊತ್ತಿಗೇ ಕೂತು ಜಾಹೀರಾತು ಸಮೇತ ನೋಡೋದು ಅಂತ ಉಳಿದಿದ್ದು ಲೈವ್ ಆಟ ಮಾತ್ರ, ಅದ್ರಲ್ಲೂ ಶನಿವಾರ ಕಾಲೇಜಿನವರಿಗೇ ಹೆಚ್ಚುಕಮ್ಮಿ ಬರೆದುಕೊಟ್ಟ ದಿನ (1961ರ ಕಾನೂನಿಂದಾಗಿ ಸೆಪ್ಟೆಂಬರಿಂದ ಡಿಸೆಂಬರ್ ಮಧ್ಯದವರೆಗೆ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಶನಿವಾರಕ್ಕೆ ಕೈ ಹಾಕಲ್ಲ). ಹಾಗಾಗಿ ಈಗ ಲೆಕ್ಕ ಮನೆಗಳದ್ದಲ್ಲ, ಎಷ್ಟು ಜನ ನೋಡ್ತಾರೆ ಅನ್ನೋದ್ರದ್ದು. 2022ರ ಜೂನ್ 30ಕ್ಕೆ ಯುಎಸ್‌ಸಿ, ಯುಸಿಎಲ್‌ಎ ಎರಡೂ ಪಶ್ಚಿಮ ಕರಾವಳಿಯ ಪ್ಯಾಕ್-12 ಬಿಟ್ಟು ಬಿಗ್ ಟೆನ್‌ಗೆ ಹೋಗ್ತೀವಿ ಅಂದ್ರು, ಆಗಸ್ಟಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರಕ್ಕೂ ಹಂಚಿ ಏಳು ವರ್ಷದ ಒಪ್ಪಂದ ಮಾಡ್ಕೊಳ್ತು. ವರದಿಗಳ ಪ್ರಕಾರ 700 ಕೋಟಿ ಡಾಲರಿಗೂ ಮೇಲೆ. ಪೂರ್ವದ ಟೈಮಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಫಾಕ್ಸ್, ಮೂರೂವರೆಗೆ ಸಿಬಿಎಸ್, ರಾತ್ರಿ ಎನ್‌ಬಿಸಿ, ಪೂರ್ವದವರು ಮಲಗೋ ಹೊತ್ತಿಗೆ ಬೇಕಾದ್ರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು. ಅದೇ ಲೆಕ್ಕದಲ್ಲಿ ಯುಸಿಎಲ್‌ಎ ಪೂರ್ವಕ್ಕೆ ಹೋಗಿ ಹನ್ನೆರಡರ ಮ್ಯಾಚ್ ಆಡಿದ್ರೆ ನಿಮ್ಮ ಮಗಳು ಬೆಳಿಗ್ಗೆ ಒಂಬತ್ತಕ್ಕೇ ಟಿವಿ ಮುಂದೆ ಕೂರಬೇಕು.

ಪಾಪ ಉಳಿದವರ ಗತಿ ನೋಡಿ. ಲಾಸ್ ಏಂಜಲೀಸೇ ಕೈಬಿಟ್ಟ ಮೇಲೆ ಪ್ಯಾಕ್-12ಕ್ಕೆ ಒಳ್ಳೆ ರೇಟು ಸಿಗ್ಲಿಲ್ಲ, ಕೊನೆಗೆ ಆ್ಯಪಲ್‌ನವರು ಎಷ್ಟು ಜನ ಸಬ್‌ಸ್ಕ್ರೈಬ್ ಆಗ್ತಾರೋ ಅದ್ರ ಮೇಲೆ ದುಡ್ಡು ಅನ್ನೋ ಥರದ ಆಫರ್ ಇಟ್ರು. 2023ರ ಆಗಸ್ಟ್ 4, ಒಂದೇ ದಿನ ಐದು ಕಾಲೇಜು ಹೊರಗೆ. ಒರೆಗಾನ್, ವಾಷಿಂಗ್ಟನ್ (ಇದು ಪಶ್ಚಿಮದ ವಾಷಿಂಗ್ಟನ್ ರಾಜ್ಯದ್ದು) ಎರಡೂ ಕಮ್ಮಿ ಪಾಲಿಗೆ ಒಪ್ಕೊಂಡು ಬಿಗ್ ಟೆನ್‌ಗೆ, ಮಿಕ್ಕ ಮೂರು ಬಿಗ್ 12 ಅನ್ನೋ ಇನ್ನೊಂದು ಕಾನ್ಫರೆನ್ಸಿಗೆ. ಶಾಂತಸಾಗರದ ಪಕ್ಕದಲ್ಲಿರೋ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಹೋಗಿ ಸೇರಿದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ! ಬಿಗ್ ಟೆನ್‌ನಲ್ಲಿ ಈಗ 18 ಟೀಮು, ಬಿಗ್ 12ನಲ್ಲಿ 16. ಲೆಕ್ಕ ಹೇಳ್ಕೊಡೋ ಯೂನಿವರ್ಸಿಟಿಗಳು ಇವು. ಯುಸಿಎಲ್‌ಎ, ಬರ್ಕ್ಲಿ ಎರಡೂ ಒಂದೇ ಸರ್ಕಾರಿ ಯೂನಿವರ್ಸಿಟಿಯ ಮಕ್ಕಳಾದ್ರಿಂದ, ನಿನ್ನಿಂದ ಅವಳಿಗೆ ನಷ್ಟ ಆಯ್ತು ಅಂತ ಆಡಳಿತ ಮಂಡಳಿಯವರು ಯುಸಿಎಲ್‌ಎ ಕೈಲಿ ಬರ್ಕ್ಲಿಗೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡಿಸ್ತಿದಾರೆ, ಪತ್ರಿಕೆಯವರು ಅದನ್ನ ಡೈವೋರ್ಸ್ ಜೀವನಾಂಶಕ್ಕೆ ಹೋಲಿಸಿ ನಕ್ಕರು.

ಹಾಗಾದ್ರೆ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಹೋಗಬೋದಾ? ಇಲ್ಲ. ಕಾನ್ಫರೆನ್ಸ್ ಸೇರೋವಾಗ ಇಷ್ಟು ವರ್ಷ ನನ್ನ ಹೋಮ್ ಮ್ಯಾಚಿನ ಟಿವಿ ಹಕ್ಕು ನಿಮ್ಮದೇ ಅಂತ ಬರೆದುಕೊಡಬೇಕು, ಮಧ್ಯೆ ಬಿಟ್ಟು ಹೋದ್ರೆ ನೀವು ಹೋಗ್ತೀರ, ಹಕ್ಕು ಹಳೇ ಮನೇಲೇ ಉಳಿಯುತ್ತೆ. ಪ್ಯಾಕ್-12ರಲ್ಲಿ ಆ ಪತ್ರದ ಅವಧಿ 2024ಕ್ಕೆ ಮುಗೀತಿತ್ತು, ಅದಕ್ಕೇ ಇವರಿಗೆ ಹೊರಡೋದು ಸುಲಭ ಆಯ್ತು. ಅಟ್ಲಾಂಟಿಕ್‌ನವರದ್ದು 2036ರವರೆಗೆ ಇದೆ, ಅದ್ರಿಂದ ಬಿಡಿಸ್ಕೊಳ್ಳೋಕೆ ಫ್ಲಾರಿಡಾ ಸ್ಟೇಟ್, ಕ್ಲೆಮ್ಸನ್ ಕೇಸ್ ಹಾಕಿ 2025ರಲ್ಲಿ ರಾಜಿಯಾದ್ರು. ರಾಜಿ ಏನಂದ್ರೆ ಯಾರನ್ನ ಜನ ಜಾಸ್ತಿ ನೋಡ್ತಾರೋ ಅವರಿಗೆ ಜಾಸ್ತಿ ಪಾಲು. 1981ರ ಆ ನಾಕು ಟೀಮಿನ ಲೆಕ್ಕಕ್ಕೆ ಪೂರಾ ಉಲ್ಟಾ.

ಇಷ್ಟೆಲ್ಲ ದುಡ್ಡಲ್ಲಿ ಆಡೋ ಹುಡುಗರಿಗೆ ಕಾಲೇಜಿಂದ ನೇರವಾಗಿ ಪಾಲು ಅಂತ ಸಿಕ್ಕಿದ್ದು ತೀರಾ ಈಚೆಗೆ, 2025ರ ಜೂನಲ್ಲಿ ಕೋರ್ಟ್ ಒಪ್ಪಿದ ರಾಜಿಯಿಂದ. ಮೊದಲ ವರ್ಷಕ್ಕೆ ಒಂದು ಕಾಲೇಜು ಎಲ್ಲಾ ಆಟದವರಿಗೂ ಸೇರಿ ಹೆಚ್ಚಂದ್ರೆ ಸುಮಾರು 2.05 ಕೋಟಿ ಡಾಲರ್ ಹಂಚಬೋದು. ನಂಗೆ ಪಾಪ ಅನ್ಸೋದು ವಾಲಿಬಾಲ್ ಹುಡುಗೀರನ್ನ ನೋಡಿ, ಒಪ್ಪಂದ ಮಾಡಿದ್ದು ಫುಟ್‌ಬಾಲಿಗೆ, ವಾರದ ಮಧ್ಯೆ ಕ್ಲಾಸ್ ಬಿಟ್ಟು ಅರ್ಧ ದೇಶ ಹಾರಬೇಕಾಗಿರೋದು ಅವರೂ.

ಬಿಗ್ ಟೆನ್ ಒಪ್ಪಂದ 2030ಕ್ಕೆ ಮುಗಿಯುತ್ತೆ. ಅಷ್ಟೊತ್ತಿಗೆ ನಿಮ್ಮ ಮಗಳ ಎಂಎಸ್ ಮುಗಿದು ಹೋಗಿರುತ್ತೆ ಬಿಡಿ, ಸ್ಟ್ಯಾನ್‌ಫರ್ಡ್ ಮಾತ್ರ ಆಗ ಯಾವ ಕರಾವಳಿಯ ಲೀಗಲ್ಲಿ ಇರುತ್ತೋ ಬೆಟ್ ಕಟ್ಟೋಕೆ ನಾನು ರೆಡಿ ಇಲ್ಲ.