ಪಾಟರ್ ಕೌಂಟಿಯ ಕಾಡು, ಕತ್ತಲು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಉತ್ತರದ ಅಂಚಿನಲ್ಲಿರುವ ಪಾಟರ್ ಕೌಂಟಿ ಸುಮಾರು 2,800 ಚದರ ಕಿಲೋಮೀಟರ್ ವಿಸ್ತಾರದ ಗುಡ್ಡಗಾಡು. ನಮ್ಮ ಜಿಲ್ಲೆಯನ್ನು ಹೋಲುವ ಈ ಆಡಳಿತ ಘಟಕದಲ್ಲಿ 2020ರ ಜನಗಣತಿಯ ವೇಳೆಗೆ ಹದಿನೇಳು ಸಾವಿರ ಮಂದಿಯೂ ಇರಲಿಲ್ಲ. ಇಲ್ಲಿನ ಗೋಲ್ಡ್ ಎಂಬ ಹಳ್ಳಿಯ ಬಳಿ ಒಂದೇ ದಿಬ್ಬದ ಮೇಲೆ ಸುರಿದ ಮಳೆ ಮೂರು ಪಾಲಾಗುತ್ತದೆ: ಅಲೆಗೆನಿ ನದಿಯ ಪಾಲು ಕೊನೆಗೆ ಮಿಸಿಸಿಪ್ಪಿಯೊಂದಿಗೆ ಮೆಕ್ಸಿಕೊ ಕೊಲ್ಲಿಗೂ, ಜೆನೆಸೀ ನದಿಯದು ಒಂಟಾರಿಯೊ ಸರೋವರದ ಮೂಲಕ ಸೇಂಟ್ ಲಾರೆನ್ಸ್ ನದಿಗೂ, ಪೈನ್ ಕ್ರೀಕ್ ಹೊಳೆಯದು ಸಸ್ಕ್ವೆಹಾನಾ ನದಿಯ ಮೂಲಕ ಚೆಸಪೀಕ್ ಕೊಲ್ಲಿಗೂ ಹೋಗುತ್ತದೆ.

ಇಂದು ಕಣ್ಣು ತುಂಬುವ ಇಲ್ಲಿನ ಕಾಡು ಬಹುಮಟ್ಟಿಗೆ ಮರುಹುಟ್ಟು ಪಡೆದದ್ದು. 19ನೆಯ ಶತಮಾನದಲ್ಲಿ ಬಿಳಿ ಪೈನ್ ಮರಗಳನ್ನು ಕಡಿದು ಹೊಳೆಗಳಲ್ಲಿ ತೇಲಿಬಿಟ್ಟರು. ಬಳಿಕ ಚರ್ಮ ಹದಮಾಡಲು ಬೇಕಾದ ಟ್ಯಾನಿನ್‌ಗಾಗಿ ಹೆಮ್ಲಾಕ್ ಮರಗಳ ತೊಗಟೆ ಸುಲಿದರು, ಕಾಡಿನೊಳಕ್ಕೇ ರೈಲು ಹಳಿ ಹಾಸಿದರು. ಕಾಗದದ ತಿರುಳು ತಯಾರಿಸುವ ಕಾರ್ಖಾನೆಗೆಂದು ಆಸ್ಟಿನ್ ಪಟ್ಟಣದ ಮೇಲ್ಭಾಗದಲ್ಲಿ ಕಟ್ಟಿದ್ದ ಕಾಂಕ್ರೀಟ್ ಅಣೆಕಟ್ಟು 1911ರ ಸೆಪ್ಟೆಂಬರ್ 30ರಂದು ಒಡೆದು 78 ಜನರನ್ನು ಬಲಿ ಪಡೆಯಿತು. ಅದರ ಸೀಳಿದ ಗೋಡೆಗಳು ಇಂದಿಗೂ ಅಲ್ಲಿ ನಿಂತಿವೆ. 1920ರ ಹೊತ್ತಿಗೆ ಬೆಟ್ಟಗಳು ಬಹುತೇಕ ಬೋಳಾಗಿದ್ದವು. ಕಂಪನಿಗಳು ಕೈಬಿಟ್ಟ ನೆಲವನ್ನು ರಾಜ್ಯವು ಅಗ್ಗದ ಬೆಲೆಗೆ ಕೊಂಡು ಕಾಪಾಡಿತು. ನೆರಳನ್ನು ಸಹಿಸದ ಕಪ್ಪು ಚೆರ್ರಿ ಮರಕ್ಕೆ ಈ ಬಯಲೇ ವರವಾಯಿತು. ಇಂದು ಮೇಪಲ್, ಬೀಚ್ ಮರಗಳ ನಡುವೆ ಅದು ಧಾರಾಳವಾಗಿ ಬೆಳೆದಿದೆ.

ಕೌಂಟಿಯ ದೊಡ್ಡ ಸಂಪತ್ತು ಮಾತ್ರ ಕತ್ತಲೆಂದು ನನಗನ್ನಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಚೆರ್ರಿ ಸ್ಪ್ರಿಂಗ್ಸ್ ಉದ್ಯಾನವನ್ನು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಸರ್ಕಾರಿ ಅರಣ್ಯ ಸುತ್ತುವರಿದಿದೆ. ನಗರಗಳಲ್ಲಿ ಮೇಲಕ್ಕೆ ಸೋರುವ ಬೆಳಕನ್ನು ಗಾಳಿಯ ಕಣಗಳು ಚದುರಿಸುವುದರಿಂದ ಆಕಾಶವೇ ಮಂಕಾಗಿ ಬೆಳಗಿ ನಕ್ಷತ್ರಗಳನ್ನು ಮರೆಮಾಡುತ್ತದೆ. ಇಲ್ಲಿ ಊರುಗಳು ವಿರಳ. ಇರುವ ಸಣ್ಣ ಪಟ್ಟಣಗಳೂ ಕಣಿವೆಗಳಲ್ಲಿ ಅಡಗಿರುವುದರಿಂದ ಅವುಗಳ ದೀಪಗಳಿಗೆ ಗುಡ್ಡಗಳೇ ಮರೆಯಾಗಿವೆ. 2008ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದ ಈ ಉದ್ಯಾನದಲ್ಲಿ, ಚಂದ್ರನಿಲ್ಲದ ಬೇಸಿಗೆಯ ರಾತ್ರಿ ಆಕಾಶಗಂಗೆ ದಿಗಂತದಿಂದ ದಿಗಂತಕ್ಕೆ ಚಾಚಿಕೊಂಡಿರುತ್ತದೆ. ವೀಕ್ಷಣೆಯ ಮೈದಾನಕ್ಕೆ ಕೆಂಪು ದೀಪವನ್ನಷ್ಟೇ ಒಯ್ಯಬೇಕೆಂಬ ನಿಯಮಕ್ಕೂ ಕಾರಣವಿದೆ: ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಒಂದು ಬಿಳಿ ಟಾರ್ಚು ಅಷ್ಟನ್ನೂ ಕ್ಷಣದಲ್ಲಿ ಕೆಡಿಸುತ್ತದೆ, ಕೆಂಪು ಬೆಳಕಿಗೆ ಆ ಕೋಶಗಳು ಅಷ್ಟಾಗಿ ಸ್ಪಂದಿಸುವುದಿಲ್ಲ.