ಯೂರಿಯಾ ಜೊತೆ ‘ಲಿಂಕ್’: ಡೀಲರ್ ಯಾಕೆ ಬಾಯಿ ಬಿಡಲ್ಲ?

ಸಿಂಧನೂರು, ಕಾರಟಗಿ ಕಡೆ ಭತ್ತದ ನಾಟಿ ಶುರುವಾದರೆ ಗೊಬ್ಬರದ ಅಂಗಡಿಗಳಲ್ಲಿ ‘ಲಿಂಕ್’ ಜಗಳವೂ ಶುರು. 45 ಕೆಜಿ ಯೂರಿಯಾ ಚೀಲಕ್ಕೆ ಸರ್ಕಾರದ ದರ 266 ರೂಪಾಯಿ 50 ಪೈಸೆ. ಅದರ ಜೊತೆ ನ್ಯಾನೋ ಅನ್ನೋ ದ್ರವ ಗೊಬ್ಬರದ ಬಾಟಲಿಯನ್ನೋ ಜಿಂಕ್ ಪಾಕೆಟನ್ನೋ ತಗೊಂಡರೆ ಮಾತ್ರ ಚೀಲ ಸಿಗುತ್ತೆ. ರೈತ ಅಂಗಡಿಯವನನ್ನು ಬೈಯ್ತಾನೆ. ‘ನಮಗೂ ಕಂಪನಿಯವರು ಹೀಗೇ ಕಟ್ತಾರೆ’ ಅನ್ನೋದು ಅಂಗಡಿಯವರ ಹಳೇ ತಕರಾರು.

ಯೂರಿಯಾ ಬೆಲೆ ಸರ್ಕಾರದ ಕೈಯಲ್ಲಿದೆ, ಲಾಭ ಕಡಿಮೆ. ಸಬ್ಸಿಡಿ ಇಲ್ಲದ ಮಾಲಿನಲ್ಲಿ ಲಾಭ ಜಾಸ್ತಿ, ಆದರೆ ಸುಮ್ನೆ ಇಟ್ಟರೆ ಹೋಗಲ್ಲ. ಹಾಗಾಗಿ ಓಡುವ ಮಾಲಿಗೆ ಓಡದ್ದನ್ನು ಕಟ್ಟಿ ಕಳಿಸೋದು. ಎರಡಕ್ಕೂ ಬಿಲ್ ಬೇರೆ ಬೇರೆ ಮಾಡಿದರೆ ಮುಗೀತು, ಲಿಂಕ್ ಅನ್ನೋ ಪದ ಕಾಗದದ ಮೇಲೆ ಎಲ್ಲೂ ಸಿಗಲ್ಲ.

ಇದು ತಪ್ಪು ಅಂತ ಕಾನೂನಿಗೆ ಗೊತ್ತಾಗಿ ಅರ್ಧ ಶತಮಾನ ದಾಟಿದೆ. ಏಕಸ್ವಾಮ್ಯಕ್ಕೆ ಕಡಿವಾಣ ಹಾಕಲು ಬಂದ 1969ರ ಎಂಆರ್‌ಟಿಪಿ ಕಾಯ್ದೆಯಲ್ಲೇ ಇಂಥ ಒಪ್ಪಂದದ ಮಾತಿತ್ತು. ಆದರೆ 1977ರಲ್ಲಿ ಟೆಲ್ಕೊ (ಇವತ್ತಿನ ಟಾಟಾ ಮೋಟರ್ಸ್) ಕಂಪನಿ ಮತ್ತು ಅದರ ಡೀಲರ್‌ಗಳ ಒಪ್ಪಂದದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಷರತ್ತು ಇದೆ ಅಂದಮಾತ್ರಕ್ಕೆ ತಪ್ಪಾಗಲ್ಲ, ಅದರಿಂದ ಸ್ಪರ್ಧೆಗೆ ಏನಾಯ್ತು ಅಂತ ನೋಡಬೇಕು ಎಂದಿತು. ಆ ಯೋಚನೆ ಇವತ್ತಿಗೂ ಬಿಟ್ಟಿಲ್ಲ. 2002ರ ಸ್ಪರ್ಧಾ ಕಾಯ್ದೆಯ ಕಲಂ 3(4) (ಇದು ಜಾರಿಗೆ ಬಂದದ್ದು 2009ರಲ್ಲಿ) ಒಂದು ಮಾಲಿನ ಜೊತೆ ಇನ್ನೊಂದನ್ನು ಕಟ್ಟುವುದನ್ನು ಹೆಸರಿಟ್ಟೇ ಹೇಳುತ್ತದೆ. ಆದರೂ ಮಾರುಕಟ್ಟೆಗೆ ಪೆಟ್ಟು ಬಿದ್ದಿದೆ ಅಂತ ತೋರಿಸಬೇಕು. 2017ರಲ್ಲಿ, ಈ ಕಾಯ್ದೆಯ ದೂರುಗಳನ್ನು ನೋಡುವ ಸ್ಪರ್ಧಾ ಆಯೋಗ ಕಾರು ಕಂಪನಿ ಹ್ಯುಂಡೈಗೆ 87 ಕೋಟಿ ರೂಪಾಯಿ ದಂಡ ಹಾಕಿತ್ತು. ಡೀಲರ್‌ಗಳು ಎಷ್ಟು ಡಿಸ್ಕೌಂಟ್ ಕೊಡಬೇಕು, ಯಾವ ಆಯಿಲ್ ಬಳಸಬೇಕು ಅನ್ನೋದನ್ನೆಲ್ಲ ಕಂಪನಿಯೇ ಹೇಳುತ್ತಿತ್ತು ಅನ್ನೋದು ಆಯೋಗದ ಮಾತು. ಮರುವರ್ಷವೇ ಮೇಲ್ಮನವಿಯಲ್ಲಿ ಆ ಆದೇಶ ಬಿದ್ದುಹೋಯಿತು. ಕಾರು ಡೀಲರ್‌ಗಳ ಗತಿಯೇ ಹೀಗಾದರೆ ಗೊಬ್ಬರದವರ ಕಥೆ ಏನು, ಅಲ್ವಾ?

ಗೊಬ್ಬರದಲ್ಲಿ ಇನ್ನೊಂದು ಗಂಟಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಾರಾಟಕ್ಕೆ ಅನುಮತಿ ಬೇಕಾದರೆ ಕಂಪನಿ ಅಥವಾ ಹೋಲ್‌ಸೇಲ್‌ನವರು ಕೊಡುವ ‘ಓ ಫಾರ್ಮ್’, ಅಂದರೆ ಮಾಲು ಎಲ್ಲಿಂದ ಬರುತ್ತೆ ಅನ್ನೋ ಪ್ರಮಾಣಪತ್ರ, ಇರಲೇಬೇಕು. ಯಾರ ಮೇಲೆ ದೂರಬೇಕೋ ಅವರ ಕೈಯಲ್ಲೇ ಡೀಲರ್‌ನ ಜುಟ್ಟು. ತಪಾಸಣೆಗೆ ಬಂದ ಅಧಿಕಾರಿಗೆ ಮೊದಲು ಸಿಗೋದೂ ಕೌಂಟರ್ ಹಿಂದೆ ನಿಂತವನೇ.

ದೂರುದಾರರ ಹೆಸರು ಗುಟ್ಟಾಗಿಡಿ ಅಂತ ಸ್ಪರ್ಧಾ ಆಯೋಗವನ್ನು ಕೇಳಿಕೊಳ್ಳಬಹುದು. ಆದರೆ ಒಂದು ತಾಲ್ಲೂಕಿನ ಡೀಲರ್‌ಗಳಲ್ಲಿ ಯಾರು ದೂರು ಕೊಟ್ಟರು ಅಂತ ಕಂಪನಿಯವರಿಗೆ ಗೊತ್ತಾಗೋಕೆ ಎಷ್ಟು ಹೊತ್ತು ಬೇಕು? ವ್ಯಾಪಾರಿಗಳ ಸಂಘವೇ ದೂರು ಕೊಡೋದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಒಬ್ಬೊಬ್ಬರೇ ಗೊಣಗುವ ಬದಲು ರಾಯಚೂರು, ಕೊಪ್ಪಳ, ಬಳ್ಳಾರಿಯ ಡೀಲರ್‌ಗಳು ಆ ದಾರಿ ಹಿಡಿಯೋದೇ ವಾಸಿ.